ರಾಜಿ ಪಂಚಾಯಿತಿ ಸಾಕು, ಗಾಯ ಮಾಯಲು ನೆರವು ಬೇಕು

ದವನದ ಹುಣ್ಣಿಮೆ ಬಂದರೆ ನಮ್ಮ ಮಠಗಳಲ್ಲಿ ಅಕ್ಕನ ಜಯಂತಿಯ ಸಂಭ್ರಮ. ಅಕ್ಕನ ಬಳಗದ ತಾಯಂದಿರು ತೊಟ್ಟಿಲು ತೂಗುತ್ತಾರೆ. ಕೌಶಿಕನ ಅರಮನೆಯನ್ನು ತೊರೆದು ಒಬ್ಬಳೇ ಹೊರಟ ಮಹಾದೇವಿಯಕ್ಕನ ಧೈರ್ಯವನ್ನು ಉಪನ್ಯಾಸಕರು ಕೊಂಡಾಡುತ್ತಾರೆ. ಅದೇ ವಾರ ಅದೇ ಮಠಕ್ಕೆ, ಗಂಡನ ಹೊಡೆತ ತಾಳಲಾರದೆ ತವರು ಸೇರಿದ ಮಗಳನ್ನು ಕರೆದುಕೊಂಡು ತಂದೆ ತಾಯಿ ಬಂದರೆ ಅವಳಿಗೆ ಸಿಗುವ ಮಾತೇ ಬೇರೆ: “ಸ್ವಲ್ಪ ಹೊಂದಿಕೊಂಡು ಹೋಗವ್ವ, ಮಕ್ಕಳ ಮುಖ ನೋಡು.” ಎರಡೂ ಕಡೆಯ ಹಿರಿಯರನ್ನು ಕೂಡಿಸಿ, ಗಂಡನಿಗೆ ನಾಲ್ಕು ಬುದ್ಧಿಮಾತು ಹೇಳಿ, ಭಸ್ಮ ಹಚ್ಚಿ ಕಳಿಸಿದರೆ ಮಠದ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ಅವಳ ಪಾಡು ಅಲ್ಲಿಂದಲೇ ಮತ್ತೆ ಶುರುವಾಗುತ್ತದೆ.

ಇದು ಎಲ್ಲೋ ಒಂದೆರಡು ಮನೆಯ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ದೇಶದ ಸರಾಸರಿ ಶೇ. 29ರ ಆಸುಪಾಸಿನಲ್ಲಿದೆ. ಬಸವಣ್ಣನವರ ನಾಡೆಂದು ಹೆಮ್ಮೆಪಡುವ ನಾವು ಈ ಅಂಕಿಯ ಮುಂದೆ ತಲೆ ತಗ್ಗಿಸಬೇಕು. ಈ ಮಹಿಳೆಯರಲ್ಲಿ ಕೊರಳಲ್ಲಿ ಇಷ್ಟಲಿಂಗ ಧರಿಸಿದವರೂ ಇದ್ದಾರೆ. ಅವರ ಮೇಲೆ ಕೈ ಎತ್ತಿದವರ ಕೊರಳಲ್ಲೂ ಅದೇ ಲಿಂಗವಿದೆ.

ಹಿಂಸೆಯ ಮನೆಯಿಂದ ಹೊರಬಂದರೆ ಎಲ್ಲ ಮುಗಿಯಿತೆಂದು ಸುತ್ತಲಿನವರು ತಿಳಿಯುತ್ತಾರೆ. ಹಾಗಾಗುವುದಿಲ್ಲ. ತವರಿನಲ್ಲಿ ಮಲಗಿದ್ದರೂ ರಾತ್ರಿ ಬೈಕಿನ ಸದ್ದು ಕೇಳಿದರೆ ಅವಳ ಎದೆ ನಡುಗುತ್ತದೆ. ನಿದ್ದೆ ಹತ್ತುವುದಿಲ್ಲ. ತಲೆನೋವು, ಹೊಟ್ಟೆನೋವು ಎಂದು ದವಾಖಾನೆಗೆ ಹೋದರೆ ಎಲ್ಲ ಪರೀಕ್ಷೆಗಳೂ ಸರಿಯಾಗಿಯೇ ಬರುತ್ತವೆ. ತನ್ನದೇ ತಪ್ಪೇನೋ ಎಂಬ ಕೊರಗು ಒಂದು ಕಡೆ. ಹೊಡೆದವನನ್ನೇ ಮನಸ್ಸು ನೆನೆಯುತ್ತದಲ್ಲಾ ಎಂಬ ನಾಚಿಕೆ ಇನ್ನೊಂದು ಕಡೆ. ವರ್ಷಗಟ್ಟಲೆ ಅಪಾಯದಲ್ಲಿ ಬದುಕಿದ ದೇಹ ಮತ್ತು ಮನಸ್ಸು, ಅಪಾಯ ದೂರವಾದರೂ ಅದನ್ನು ನಂಬಲಾರವು. ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲಿ ಪ್ರಕಟಿಸಿದ ‘ಟ್ರಾಮಾ ಅಂಡ್ ರಿಕವರಿ’ ಪುಸ್ತಕದಲ್ಲಿ ಈ ಚೇತರಿಕೆಗೆ ಮೂರು ಹಂತಗಳನ್ನು ಗುರುತಿಸಿದ್ದಾರೆ. ಮೊದಲು ಸುರಕ್ಷತೆ, ಆಮೇಲೆ ನಡೆದದ್ದನ್ನು ನೆನೆದು ದುಃಖಿಸುವುದು, ಕೊನೆಗೆ ಬದುಕಿನೊಂದಿಗೆ ಮತ್ತೆ ಬೆಸೆದುಕೊಳ್ಳುವುದು. ಈ ದಾರಿಯನ್ನು ತಿಳಿದವರ ಜೊತೆ ನಡೆಯುವುದಕ್ಕೂ ಒಬ್ಬಳೇ ತಡಕಾಡುವುದಕ್ಕೂ ಬಹಳ ಅಂತರವಿದೆ.

“ಲಿಂಗಪೂಜೆ ಮಾಡಿಕೋ, ಮನಸ್ಸು ತಿಳಿಯಾಗುತ್ತದೆ” ಎನ್ನುವವರಿದ್ದಾರೆ. ಪೂಜೆಯಿಂದ ಬಲ ಬರುತ್ತದೆ, ನಿಜ. ಆದರೆ ಇಂಥ ನೋವುಂಡ ಕೆಲವರಿಗೆ ಕಣ್ಣು ಮುಚ್ಚಿ ಮೌನವಾಗಿ ಕುಳಿತಾಗಲೇ ಹಳೆಯ ದೃಶ್ಯಗಳು ನುಗ್ಗಿ ಬರುತ್ತವೆ. ಅದು ಭಕ್ತಿಯ ಕೊರತೆಯಲ್ಲ, ಗಾಯದ ಲಕ್ಷಣ. ಕಾಲು ಮುರಿದವರನ್ನು ಮೂಳೆ ವೈದ್ಯರ ಬಳಿ ಕಳಿಸುವಾಗ ನಮ್ಮ ಶ್ರದ್ಧೆಗೆ ಏನೂ ಕುಂದಾಗುವುದಿಲ್ಲ. ಮನಸ್ಸು ಮುರಿದವರ ವಿಷಯದಲ್ಲಿ ಮಾತ್ರ ಯಾಕೆ ಹಿಂಜರಿಕೆ? “ಎಲ್ಲ ನಿನ್ನ ಹಣೆಬರಹ, ಹಿಂದಿನ ಜನ್ಮದ ಕರ್ಮ” ಎನ್ನುವ ಮಾತಂತೂ ಶರಣರಿಗೆ ಬಗೆವ ದ್ರೋಹ. ಹಣೆಬರಹದ ನೆಪವೊಡ್ಡಿ ಮನುಷ್ಯರನ್ನು ತುಳಿಯುವುದನ್ನು ಒಪ್ಪದ ಚಳವಳಿ ನಮ್ಮದು.

ಯಾರ ಬಳಿ ಹೋಗಬೇಕು?

ಇಲ್ಲಿ ನಮ್ಮ ಜನರಿಗೆ ಗೊಂದಲವಿದೆ. ಮನೋವೈದ್ಯರು ಎಂದರೆ ಎಂ.ಬಿ.ಬಿ.ಎಸ್. ನಂತರ ಮನೋವೈದ್ಯಶಾಸ್ತ್ರ ಓದಿದವರು. ಔಷಧಿ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಮಾತಿನ ಮೂಲಕ ಚಿಕಿತ್ಸೆ ನೀಡುವ ತರಬೇತಿ ಪಡೆದವರು. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ನೋಂದಣಿ ಸಂಖ್ಯೆ ಕೇಳುವುದು ಅವಮಾನವಲ್ಲ, ನಮ್ಮ ಹಕ್ಕು. ‘ಕೌನ್ಸೆಲರ್’ ಎಂಬ ಫಲಕ ಹಾಕಿಕೊಂಡವರಲ್ಲಿ ಒಳ್ಳೆಯ ತರಬೇತಿ ಪಡೆದವರೂ ಇದ್ದಾರೆ, ಕೆಲವೇ ದಿನಗಳ ಶಿಬಿರ ಮುಗಿಸಿದವರೂ ಇದ್ದಾರೆ. ಫಲಕವನ್ನಷ್ಟೇ ನೋಡಿ ನಂಬಬಾರದು.

ಮೊದಲ ಭೇಟಿಯಲ್ಲಿ ಅಥವಾ ಫೋನಿನಲ್ಲೇ ಕೆಲವು ಪ್ರಶ್ನೆ ಕೇಳಬಹುದು. ಕೌಟುಂಬಿಕ ಹಿಂಸೆಗೆ ಒಳಗಾದವರ ಜೊತೆ ಕೆಲಸ ಮಾಡಿದ ಅನುಭವವಿದೆಯೇ? ನಾನು ಹೇಳಿದ್ದು ಗುಟ್ಟಾಗಿ ಉಳಿಯುತ್ತದೆಯೇ, ಯಾವ ಸಂದರ್ಭದಲ್ಲಿ ಉಳಿಯುವುದಿಲ್ಲ? ನನ್ನನ್ನು ಕೇಳದೆ ಗಂಡನಿಗೋ ಅತ್ತೆ ಮಾವನಿಗೋ ಫೋನು ಮಾಡುತ್ತೀರಾ? ಕನ್ನಡದಲ್ಲಿ, ನನ್ನ ಆಡುಮಾತಿನಲ್ಲಿ ಮಾತಾಡಬಹುದೇ? ಶುಲ್ಕ ಎಷ್ಟು? ಇವಕ್ಕೆ ನೇರ ಉತ್ತರ ಕೊಡುವವರು ನಂಬಿಕೆಗೆ ಅರ್ಹರು. “ನೀನೇನು ಮಾಡಿದ್ದಕ್ಕೆ ಆತ ಹೊಡೆದ?” ಎಂದು ಶುರುಮಾಡುವವರು, ಜಾತಕ ಕೇಳುವವರು, ಇಷ್ಟೇ ದಿನದಲ್ಲಿ ಗುಣಪಡಿಸುತ್ತೇನೆಂದು ಮಾತು ಕೊಡುವವರು ಎದುರಾದರೆ ಎದ್ದು ಬರಬೇಕು. ಮೊದಲು ಸಿಕ್ಕವರು ಒಗ್ಗದಿದ್ದರೆ ಇನ್ನೊಬ್ಬರನ್ನು ಹುಡುಕುವುದು ತಪ್ಪಲ್ಲ.

ಮುಖ್ಯವಾದ ಇನ್ನೊಂದು ಮಾತು. ಹಿಂಸೆ ಇನ್ನೂ ನಡೆಯುತ್ತಿರುವಾಗ ಗಂಡ ಹೆಂಡತಿಯನ್ನು ಜೊತೆಗೆ ಕೂಡಿಸಿ ಸಮಾಲೋಚನೆ ಮಾಡುವುದು ಅಪಾಯ. ಅವನ ಎದುರು ಅವಳು ನಿಜ ಹೇಳಲಾರಳು. ಹೇಳಿದರೆ ಮನೆಗೆ ಹೋದ ಮೇಲೆ ಅದರ ಬೆಲೆ ತೆರಬೇಕಾಗುತ್ತದೆ. ಮಠದ ರಾಜಿ ಪಂಚಾಯಿತಿಯ ದೋಷವೂ ಇದೇ. ಅಲ್ಲಿ ಇನ್ನೂ ಒಂದು ತೊಡಕಿದೆ. ಅವನ ಮನೆತನ ತಲೆಮಾರುಗಳಿಂದ ದಾಸೋಹಕ್ಕೆ ಅಕ್ಕಿ ಕೊಟ್ಟಿರಬಹುದು, ಜಾತ್ರೆಯಲ್ಲಿ ತೇರಿನ ಮುಂದೆ ನಿಲ್ಲುವ ಮನೆತನವಾಗಿರಬಹುದು. ಅಂಥ ಕಡೆ ಅವಳ ಮಾತಿಗೆ ಸರಿಸಮ ತೂಕ ಸಿಗುತ್ತದೆ ಎಂದು ಎದೆ ಮುಟ್ಟಿ ಹೇಳಬಲ್ಲೆವೇ?

ನೆರವು ಎಲ್ಲಿದೆ?

ದೊಡ್ಡ ಊರುಗಳ ಖಾಸಗಿ ಚಿಕಿತ್ಸಾಲಯಗಳಲ್ಲಿ ಒಂದು ಭೇಟಿಗೆ ಸಾವಿರ ರೂಪಾಯಿ ದಾಟುವುದು ಸಾಮಾನ್ಯ. ಎಲ್ಲರಿಗೂ ಅದು ಕೈಗೆಟುಕದು. ಆದರೆ ಸರ್ಕಾರದ ದಾರಿಗಳಿವೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಇದಕ್ಕೆ ಹಣ ಕೊಡಬೇಕಿಲ್ಲ. ಜಿಲ್ಲಾಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗವೇ ದೇಶದ ಈ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇದ್ದೇ ಇವೆ. ಹಿಂಸೆ ನಡೆಯುತ್ತಿದ್ದರೆ ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಜಿಲ್ಲಾ ಮಟ್ಟದ ಸಖಿ ಕೇಂದ್ರದಲ್ಲಿ ವೈದ್ಯಕೀಯ ನೆರವು, ಕಾನೂನು ನೆರವು, ಸಮಾಲೋಚನೆ, ತಾತ್ಕಾಲಿಕ ಆಸರೆ ಒಂದೇ ಸೂರಿನಡಿ ಸಿಗುತ್ತವೆ.

ಚಿಕ್ಕ ಊರುಗಳಲ್ಲಿ ಇನ್ನೊಂದು ಅಂಜಿಕೆ ಕಾಡುತ್ತದೆ. ಸಮಾಲೋಚಕರು ನಮ್ಮವರೇ ಆಗಿದ್ದರೆ ಎರಡನೇ ಮಾತಿಗೇ “ನೀವು ಯಾರ ಪೈಕಿ?” ಎಂಬ ಪ್ರಶ್ನೆ ಬರುತ್ತದೆ, ಸಂಬಂಧದ ಎಳೆ ಗಂಡನ ಮನೆಯವರೆಗೂ ಹೋಗುತ್ತದೆ. ಅಂಥವರಿಗೆ ದೂರದ ಊರಿನ ಸಮಾಲೋಚಕರೊಡನೆ ಫೋನಿನಲ್ಲಿ ಮಾತಾಡುವುದೇ ಲೇಸು. ಆದರೆ ಕರೆ ಮಾಡುವ ಫೋನು ಗಂಡನ ಕೈಗೆ ಸಿಗದಂತಿರಬೇಕು.

“ಮನೋವೈದ್ಯರ ಬಳಿ ಹೋದರೆ ಹುಚ್ಚಿ ಎಂದು ಕೋರ್ಟಿನಲ್ಲಿ ಹೇಳಿ ಮಕ್ಕಳನ್ನು ಕಿತ್ತುಕೊಳ್ಳುತ್ತಾರೆ” ಎಂಬ ಭಯವನ್ನೂ ಹೋಗಲಾಡಿಸಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕೆನ್ನುತ್ತದೆ. ಹಿಂದೆ ಚಿಕಿತ್ಸೆ ಪಡೆದಿದ್ದರು ಎಂಬ ಒಂದೇ ಕಾರಣಕ್ಕೆ ಯಾರನ್ನೂ ಮಾನಸಿಕ ಅಸ್ವಸ್ಥರೆಂದು ತೀರ್ಮಾನಿಸುವಂತಿಲ್ಲ ಎಂದೂ ಹೇಳುತ್ತದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಮಾತಿನ ಹಿಂಸೆ, ಮಾನಸಿಕ ಹಿಂಸೆ, ಹಣಕಾಸಿನ ಹಿಂಸೆಯನ್ನೂ ಹಿಂಸೆಯೆಂದೇ ಪರಿಗಣಿಸುತ್ತದೆ. ವೈದ್ಯಕೀಯ ವೆಚ್ಚವನ್ನೂ ಮಾನಸಿಕ ಯಾತನೆಗೆ ಪರಿಹಾರವನ್ನೂ ಕೊಡಿಸುವ ಅಧಿಕಾರ ಅದರಡಿ ನ್ಯಾಯಾಲಯಕ್ಕಿದೆ.

ಮಠಗಳು ಮಾಡಬೇಕಾದ್ದು

ಸಾಲು ಸಾಲು ಶಾಲೆ, ಕಾಲೇಜು, ಪ್ರಸಾದ ನಿಲಯ ಕಟ್ಟಿದ ಮಠಗಳಿಗೆ ಇದು ದೊಡ್ಡ ಹೊರೆಯಲ್ಲ. ಸುತ್ತೂರು ಮಠದ ಆಶ್ರಯದ ಮೈಸೂರಿನ ಜೆಎಸ್‌ಎಸ್ ಸಂಸ್ಥೆಯಂತೆ ವೈದ್ಯಕೀಯ ಕಾಲೇಜು ನಡೆಸುವ ಕಡೆ ಮನೋವೈದ್ಯ ವಿಭಾಗ ಈಗಾಗಲೇ ಇದೆ. ಅಂಥ ವಿಭಾಗದ ತಜ್ಞರು ತಿಂಗಳಿಗೊಂದು ದಿನ ಶಾಖಾಮಠಗಳಿಗೆ ಬರುವಂತೆ ಮಾಡಬಹುದು. ಆಸ್ಪತ್ರೆಯಿಲ್ಲದ ಮಠಗಳು ಜಿಲ್ಲಾಸ್ಪತ್ರೆಯ ತಂಡವನ್ನು ಕರೆಸಬಹುದು. ಅದಕ್ಕೆ ಬೇಕಾದದ್ದು ಬಾಗಿಲು ಮುಚ್ಚಿಕೊಳ್ಳುವ ಒಂದು ಕೋಣೆ. ಫಲಕದಲ್ಲಿ ‘ಮಹಿಳೆಯರ ಆರೋಗ್ಯ ತಪಾಸಣೆ’ ಎಂದಿದ್ದರೆ ಸಾಕು, ಯಾರು ಯಾಕೆ ಬಂದರೆಂದು ಯಾರಿಗೂ ತಿಳಿಯದು. ಬಸ್ಸಿನ ಹಣಕ್ಕೂ ಚಿಕಿತ್ಸೆಯ ಶುಲ್ಕಕ್ಕೂ ಇಲ್ಲದವರಿಗೆ ದಾಸೋಹ ನಿಧಿಯಿಂದ ಕೊಡಬೇಕು. ಹಸಿದವರಿಗೆ ಅನ್ನವಿಕ್ಕುವುದು ದಾಸೋಹವಾದರೆ ಇದೂ ದಾಸೋಹವೇ.

ಅಕ್ಕನ ಬಳಗದ ಸದಸ್ಯೆಯರು ಚಿಕಿತ್ಸಕರಾಗಬೇಕಿಲ್ಲ. ನಡುವೆ ಬಾಯಿ ಹಾಕದೆ ಕೇಳುವುದು, ನಂಬುವುದು, ಗುಟ್ಟು ಕಾಪಾಡುವುದು, ಒಪ್ಪಿದರೆ ಜೊತೆಗೆ ಹೋಗುವುದು, ಇಷ್ಟನ್ನು ಕಲಿತರೆ ಸಾಕು. ಪೂಜ್ಯರಲ್ಲಿ ಒಂದು ಬಿನ್ನಹ: ಹೊಡೆತದ ದೂರು ಬಂದಾಗ ರಾಜಿಗೆ ಮುಂದಾಗದೆ, ಮೊದಲು ಆ ತಾಯಿಯನ್ನು ಒಬ್ಬಳೇ ಇರುವಾಗ ವಿಚಾರಿಸಿರಿ. ಅವಳು ಸುರಕ್ಷಿತವಾಗಿದ್ದಾಳೆಯೇ, ಅವಳಿಗೆ ಏನು ಬೇಕು ಎಂದು ಕೇಳಿರಿ. ಆಮೇಲೆ ಬಲ್ಲವರ ಬಳಿ ಕಳಿಸಿರಿ.

ಅನುಭವ ಮಂಟಪದಲ್ಲಿ ಶರಣೆಯರು ತಮ್ಮ ಅನುಭವವನ್ನು ತಮ್ಮದೇ ಮಾತಿನಲ್ಲಿ ಹೇಳಿದರು, ಶರಣರು ಕುಳಿತು ಕೇಳಿದರು. ಹನ್ನೆರಡನೆಯ ಶತಮಾನದಲ್ಲಿ ಸಾಧ್ಯವಾದದ್ದು ಇಂದಿನ ಮಠದಲ್ಲಿ ಯಾಕಾಗದು? ಮುಂದಿನ ದವನದ ಹುಣ್ಣಿಮೆಗೆ ತೊಟ್ಟಿಲ ಜೊತೆಗೆ ಆ ಕೋಣೆಯೂ ಸಿದ್ಧವಾಗಿರಲಿ.