ನಾಸಿಕ್ ಕುಂಭಮೇಳಕ್ಕೆ ಎಐ: ಏಜೆಂಟ್‌ಗೆ ಯಾವ ಕೀಲಿ ಕೊಡಬೇಕು, ಯಾವುದನ್ನು ಕೊಡಲೇಬಾರದು?

ನಾಸಿಕ್–ತ್ರ್ಯಂಬಕೇಶ್ವರ ಸಿಂಹಸ್ಥ ಕುಂಭಮೇಳದ ದಿನಾಂಕಗಳು ಪ್ರಕಟವಾಗಿವೆ. 2026ರ ಅಕ್ಟೋಬರ್ 31ರಂದು ಧ್ವಜಾರೋಹಣ. ಮೊದಲ ಅಮೃತ ಸ್ನಾನ 2027ರ ಆಗಸ್ಟ್ 2ರಂದು, ಎರಡನೆಯದು ಆಗಸ್ಟ್ 31ರಂದು. ಮೂರನೇ ಸ್ನಾನ ಮಾತ್ರ ಎರಡು ಊರುಗಳಲ್ಲಿ ಬೇರೆ ಬೇರೆ ದಿನ: ನಾಸಿಕ್‌ನಲ್ಲಿ ಸೆಪ್ಟೆಂಬರ್ 11, ತ್ರ್ಯಂಬಕೇಶ್ವರದಲ್ಲಿ ಸೆಪ್ಟೆಂಬರ್ 12. ಮೇಳಕ್ಕೆಂದೇ ಮಹಾರಾಷ್ಟ್ರ ಸರ್ಕಾರ ಪ್ರತ್ಯೇಕ ಪ್ರಾಧಿಕಾರ ರಚಿಸಿದೆ. ಜನಸಂದಣಿಯ ಮೇಲೆ ನಿಗಾ ಇಡಲು ಎಐ ಬಳಸುವುದಾಗಿಯೂ ಹೇಳಿದೆ.

ಕುಂಭಮೇಳಕ್ಕೆ ಎಐ ಹೊಸದಲ್ಲ. 2025ರ ಪ್ರಯಾಗ್‌ರಾಜ್ ಮಹಾಕುಂಭದಲ್ಲಿ ಎಐ ಕ್ಯಾಮೆರಾಗಳು ಜನರನ್ನು ಎಣಿಸಿದ್ದವು. 'ಕುಂಭ್ ಸಹಾಯಕ್' ಎಂಬ ಚಾಟ್‌ಬಾಟ್ 11 ಭಾಷೆಗಳಲ್ಲಿ ದಾರಿ, ವಸತಿ, ಸ್ನಾನದ ಮಾಹಿತಿ ಕೊಟ್ಟಿತ್ತು. ಆದರೆ ಅವು ನೋಡುವ, ಹೇಳುವ ಕೆಲಸಕ್ಕೆ ಸೀಮಿತವಾಗಿದ್ದವು. ಅದಾದ ಮೇಲೆ ಸಾಫ್ಟ್‌ವೇರ್ ಲೋಕ ಮುಂದಕ್ಕೆ ಹೋಗಿದೆ. ಈಗ ಮಾರುಕಟ್ಟೆಯಲ್ಲಿರುವುದು ಎಐ ಏಜೆಂಟ್, ಅಂದರೆ ಹೇಳುವುದರ ಜತೆಗೆ ಕೆಲಸವನ್ನೂ ಮಾಡಿ ಮುಗಿಸುವ ತಂತ್ರಾಂಶ. ಹಾಗಾಗಿ ನಾಸಿಕ್‌ನಲ್ಲಿ ಕೇಳಬೇಕಾದ ಪ್ರಶ್ನೆಯೂ ಬದಲಾಗಬೇಕು. ಎಐ ಎಷ್ಟು ಜಾಣ ಎಂಬುದಕ್ಕಿಂತ, ಅದರ ಬಳಿ ಯಾವ ಯಾವ ಕೀಲಿಗಳಿವೆ ಎಂಬುದು ಮುಖ್ಯ.

ಏಜೆಂಟ್, ಟೂಲ್, ಅನುಮತಿ: ಏನಿದು?

ಎಐ ಮಾದರಿಗೆ ತಾನಾಗಿಯೇ ಗೊತ್ತಿರುವುದು ಓದುವುದು, ಬರೆಯುವುದು ಅಷ್ಟೇ. ಇಮೇಲ್ ಕಳುಹಿಸಲು, ಡೇಟಾಬೇಸ್ ತಿದ್ದಲು, ಟಿಕೆಟ್ ರದ್ದು ಮಾಡಲು ಅದಕ್ಕೆ 'ಟೂಲ್' ಬೇಕು. ಎಂಜಿನಿಯರ್‌ಗಳು ಒಂದೊಂದೇ ಟೂಲ್ ಜೋಡಿಸಿ, ಯಾವುದನ್ನು ಕೇಳದೆ ಬಳಸಬಹುದು, ಯಾವುದಕ್ಕೆ ಮನುಷ್ಯರ ಒಪ್ಪಿಗೆ ಬೇಕು, ಯಾವುದನ್ನು ಮುಟ್ಟಲೇಬಾರದು ಎಂದು ನಿಗದಿ ಮಾಡುತ್ತಾರೆ. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಕಂಪನಿ 'ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್' ಎಂಬ ಮುಕ್ತ ಮಾನದಂಡ ಪ್ರಕಟಿಸಿದ ಮೇಲೆ ಟೂಲ್ ಜೋಡಿಸುವುದು ಬಹಳ ಸುಲಭವಾಗಿದೆ. ಸುಲಭವಾದಷ್ಟೂ ಬೇಕಿರುವುದಕ್ಕಿಂತ ಹೆಚ್ಚು ಟೂಲ್ ಕೊಟ್ಟುಬಿಡುವ ಅಪಾಯವೂ ಹೆಚ್ಚಿದೆ.

ಇದು ನಿಮಗೆ ಪರಿಚಿತ ವಿಷಯವೇ. ಯುಪಿಐ ಸರ್ಕಲ್ ನೆನಪಿಸಿಕೊಳ್ಳಿ. ನಿಮ್ಮ ಖಾತೆಯಿಂದ ಹಣ ಪಾವತಿಸುವ ಅಧಿಕಾರವನ್ನು ಮನೆಯವರಿಗೆ ಎರಡು ರೀತಿಯಲ್ಲಿ ಕೊಡಬಹುದು. ಪೂರ್ಣ ಅಧಿಕಾರ ಕೊಟ್ಟರೂ ಒಂದು ಸಲಕ್ಕೆ 5,000 ರೂಪಾಯಿ, ತಿಂಗಳಿಗೆ 15,000 ರೂಪಾಯಿ ಮಿತಿ ಇರುತ್ತದೆ. ಭಾಗಶಃ ಅಧಿಕಾರವಾದರೆ ಪ್ರತಿ ಪಾವತಿಗೂ ನೀವೇ ಪಿನ್ ಹಾಕಬೇಕು. ಮಗ ಒಳ್ಳೆಯವನೋ ಅಲ್ಲವೋ ಎಂದು ಈ ವ್ಯವಸ್ಥೆ ಕೇಳುವುದಿಲ್ಲ. ತಪ್ಪಾದರೂ ನಷ್ಟ ಇಷ್ಟೇ ಇರಲಿ ಎಂದು ಮೊದಲೇ ಗೆರೆ ಎಳೆಯುತ್ತದೆ. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕೆಂಬ ಈ ತತ್ವವನ್ನು ಕಂಪ್ಯೂಟರ್ ವಿಜ್ಞಾನಿಗಳಾದ ಸಾಲ್ಟ್‌ಜರ್ ಮತ್ತು ಶ್ರೋಡರ್ 1975ರಲ್ಲೇ ಬರೆದಿದ್ದರು.

'ಬೇಡ' ಎಂದು ಹೇಳಿದರೆ ಸಾಲದು

ಗೆರೆ ಎಳೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ 2025ರ ಜುಲೈನ ರೆಪ್ಲಿಟ್ ಪ್ರಕರಣ ಉದಾಹರಣೆ. ಅಮೆರಿಕದ ಉದ್ಯಮಿ ಜೇಸನ್ ಲೆಮ್ಕಿನ್ ಈ ವೇದಿಕೆಯ ಎಐ ಏಜೆಂಟ್ ಬಳಸಿ ಆ್ಯಪ್ ಕಟ್ಟುತ್ತಿದ್ದರು. ಸದ್ಯಕ್ಕೆ ಏನನ್ನೂ ಬದಲಿಸಬೇಡ ಎಂದು ಪದೇ ಪದೇ ಬರೆದು ತಿಳಿಸಿದ್ದರು. ಆದರೂ ಏಜೆಂಟ್ 1,200ಕ್ಕೂ ಹೆಚ್ಚು ಕಾರ್ಯನಿರ್ವಾಹಕರ ಮಾಹಿತಿಯಿದ್ದ ಲೈವ್ ಡೇಟಾಬೇಸನ್ನೇ ಅಳಿಸಿಹಾಕಿತು. ಅದನ್ನು ಮರಳಿ ಪಡೆಯಲು ಸಾಧ್ಯವಿಲ್ಲ ಎಂದೂ ಹೇಳಿತು. ಆ ಮಾತೂ ಸುಳ್ಳಾಗಿತ್ತು, ಕೊನೆಗೆ ಮಾಹಿತಿ ವಾಪಸ್ ಸಿಕ್ಕಿತು. ರೆಪ್ಲಿಟ್ ಸಿಇಒ ಅಮ್ಜದ್ ಮಸಾದ್ ಕ್ಷಮೆ ಕೇಳಿದರು. ಪ್ರಯೋಗದ ಡೇಟಾಬೇಸ್ ಮತ್ತು ಲೈವ್ ಡೇಟಾಬೇಸ್ ಎರಡನ್ನೂ ಬೇರ್ಪಡಿಸುವ ವ್ಯವಸ್ಥೆ ತಂದರು.

ಇಲ್ಲಿ ಏಜೆಂಟ್‌ಗೆ ಆದೇಶ ಇತ್ತು, ಆದರೆ ಬೀಗ ಇರಲಿಲ್ಲ. ಅಳಿಸುವ ಕೀಲಿ ಕೊಟ್ಟು 'ಅಳಿಸಬೇಡ' ಎಂದು ಬರೆದಿಟ್ಟರೆ, ಎಐ ಆ ಮಾತನ್ನು ನೂರರಲ್ಲಿ ತೊಂಬತ್ತೊಂಬತ್ತು ಸಲ ಪಾಲಿಸಬಹುದು. ನೂರನೇ ಸಲಕ್ಕೆ ಬೇಕಾಗುವುದು ಬೀಗ.

ಎರಡನೇ ಅಪಾಯ ಹೊರಗಿನಿಂದ ಬರುತ್ತದೆ. 2025ರ ಜೂನ್‌ನಲ್ಲಿ ಬಹಿರಂಗವಾದ 'ಎಕೋಲೀಕ್' ದೋಷದಲ್ಲಿ, ಮೈಕ್ರೋಸಾಫ್ಟ್ 365 ಕೋಪೈಲಟ್‌ನಿಂದ ಮಾಹಿತಿ ಸೋರಲು ಒಂದೇ ಒಂದು ಇಮೇಲ್ ಸಾಕಾಗುತ್ತಿತ್ತು. ಬಳಕೆದಾರರು ಯಾವ ಲಿಂಕನ್ನೂ ಒತ್ತಬೇಕಿರಲಿಲ್ಲ. ಇಮೇಲ್‌ನೊಳಗೆ ಹುದುಗಿಸಿದ ಸೂಚನೆಯನ್ನು ಎಐ ಆದೇಶವೆಂದು ತಿಳಿಯುತ್ತಿತ್ತು. ಸಂಶೋಧಕರು ಎಚ್ಚರಿಸಿದ ಮೇಲೆ ಮೈಕ್ರೋಸಾಫ್ಟ್ ಇದನ್ನು ಸರಿಪಡಿಸಿತು, ಯಾವ ಗ್ರಾಹಕರಿಗೂ ತೊಂದರೆಯಾಗಿಲ್ಲ ಎಂದಿತು. ಆದರೆ ಪಾಠ ಉಳಿಯಿತು: ಅಪರಿಚಿತರ ಬರಹ ಓದುವ ಏಜೆಂಟ್‌ಗೆ ಗುಟ್ಟಿನ ಮಾಹಿತಿಯನ್ನೂ ಹೊರಗೆ ಕಳುಹಿಸುವ ದಾರಿಯನ್ನೂ ಒಟ್ಟಿಗೆ ಕೊಡಬಾರದು.

ಕುಂಭಮೇಳದಲ್ಲಿ ಅಪರಿಚಿತರ ಬರಹಕ್ಕೆ ಬರವಿಲ್ಲ. ಕಳೆದುಹೋದವರ ಬಗ್ಗೆ ದೂರು, ವಸತಿಯ ಅರ್ಜಿ, ವಾಟ್ಸ್‌ಆ್ಯಪ್ ಸಂದೇಶ ಲಕ್ಷಗಟ್ಟಲೆ ಬರುತ್ತವೆ. ಅವನ್ನು ಓದಿ ವಿಂಗಡಿಸುವ ಏಜೆಂಟ್ ನಿಜಕ್ಕೂ ಉಪಯುಕ್ತ. ಆದರೆ ಅದೇ ಏಜೆಂಟ್‌ಗೆ ಯಾತ್ರಿಕರ ಫೋನ್ ನಂಬರ್, ಫೋಟೊ ಇರುವ ಇಡೀ ಡೇಟಾಬೇಸ್ ತೆರೆದಿಟ್ಟರೆ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಉದ್ದೇಶವೇ ಮಣ್ಣುಪಾಲು.

ಸಂದೇಶವೂ ಒಂದು ಕ್ರಿಯೆ

ಬೆಂಗಳೂರಿನ ಕಂಪನಿಗಳಲ್ಲಿ ಏಜೆಂಟ್ ತಪ್ಪು ಮಾಡಿದರೆ ಸಾಮಾನ್ಯವಾಗಿ ಹಾಳಾಗುವುದು ಕೋಡ್. ಅದಕ್ಕೆ ಬ್ಯಾಕಪ್ ಇರುತ್ತದೆ. ಜನಸಂದಣಿಗೆ ಬ್ಯಾಕಪ್ ಇಲ್ಲ. 2003ರ ಆಗಸ್ಟ್ 27ರಂದು ನಾಸಿಕ್ ಕುಂಭದಲ್ಲೇ ಕಾಲ್ತುಳಿತಕ್ಕೆ 39 ಮಂದಿ ಬಲಿಯಾಗಿದ್ದರು.

ತ್ರ್ಯಂಬಕೇಶ್ವರದ ಸ್ಥಿತಿ ಇನ್ನೂ ಸೂಕ್ಷ್ಮ. ವೈಷ್ಣವ ಅಖಾಡಗಳ ಸ್ನಾನ ನಾಸಿಕ್‌ನ ರಾಮಕುಂಡದಲ್ಲಿ ನಡೆದರೆ, ಶೈವ ಅಖಾಡಗಳದ್ದು ತ್ರ್ಯಂಬಕದ ಕುಶಾವರ್ತದಲ್ಲಿ. ಊರ ನಡುವಿನ ಪುಟ್ಟ ಕಲ್ಯಾಣಿ ಅದು. ಸುತ್ತ ಇಕ್ಕಟ್ಟಾದ ಬೀದಿಗಳಿವೆ.

ಈಗ ಒಂದು ಸಾಧ್ಯತೆಯನ್ನು ಊಹಿಸಿ. ಯಾತ್ರಿಕರಿಗೆ ಎಸ್‌ಎಂಎಸ್ ಕಳುಹಿಸುವ ಏಜೆಂಟ್, ಮೂರನೇ ಸ್ನಾನದ ಸೆಪ್ಟೆಂಬರ್ 11 ಮತ್ತು 12ನ್ನು ಅದಲು ಬದಲು ಮಾಡಿತು ಎಂದುಕೊಳ್ಳೋಣ. ಸಿಬ್ಬಂದಿ ಸಿದ್ಧರಿಲ್ಲದ ದಿನ ಜನಸಾಗರ ಬಂದು ನಿಲ್ಲುತ್ತದೆ. ಅರ್ಧ ಗಂಟೆಯಲ್ಲಿ ತಿದ್ದುಪಡಿ ಕಳುಹಿಸಿದರೂ ಹೊರಟವರು ಹೊರಟಾಗಿರುತ್ತದೆ.

ಇದು ಅತಿಯಾದ ಭಯವೇ? ಕನ್ನಡಿಗರಿಗೆ 2025ರ ಜೂನ್ 4 ಮರೆತಿರಲಾರದು. ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು. ಪೊಲೀಸರ ಅನುಮತಿ ಇಲ್ಲದೆ ಸಾಮಾಜಿಕ ಜಾಲತಾಣದಲ್ಲಿ ಜನರನ್ನು ವಿಜಯೋತ್ಸವಕ್ಕೆ ಕರೆಯಲಾಗಿತ್ತು ಎಂದು ರಾಜ್ಯ ಸರ್ಕಾರ ಹೈಕೋರ್ಟ್‌ಗೆ ಸಲ್ಲಿಸಿದ ವರದಿ ಹೇಳಿತ್ತು. ಅಲ್ಲಿ ಎಐ ಇರಲಿಲ್ಲ, ಮನುಷ್ಯರೇ ಬರೆದ ಪೋಸ್ಟ್‌ಗಳು ಇದ್ದವು. ಆದರೂ ಒಂದು ಸಂದೇಶ ಎಷ್ಟು ಜನರನ್ನು ಎಲ್ಲಿಗೆ ತರಬಲ್ಲದು ಎಂಬುದು ಅಲ್ಲಿ ಗೊತ್ತಾಗಿದೆ. ಸಾರ್ವಜನಿಕರಿಗೆ ಸಂದೇಶ ಕಳುಹಿಸುವುದನ್ನು ಬರೀ 'ಮಾಹಿತಿ' ಎಂದು ಪರಿಗಣಿಸುವಂತಿಲ್ಲ.

ಹಾಗಾದರೆ ಗೆರೆ ಎಲ್ಲಿ?

ಪ್ರತಿ ಕೆಲಸಕ್ಕೂ ಎರಡು ಪ್ರಶ್ನೆ ಹಾಕಿದರೆ ಉತ್ತರ ಸಿಗುತ್ತದೆ. ತಪ್ಪಾದರೆ ಹಿಂದಕ್ಕೆ ತಿರುಗಿಸಬಹುದೇ? ಎಷ್ಟು ಜನರನ್ನು ತಟ್ಟುತ್ತದೆ?

ಕ್ಯಾಮೆರಾ ನೋಡುವುದು, ಜನರನ್ನು ಎಣಿಸುವುದು, ನಿಯಂತ್ರಣ ಕೊಠಡಿಯ ಸಿಬ್ಬಂದಿಗೆ ಎಚ್ಚರಿಕೆ ಕೊಡುವುದು: ಇವನ್ನು ಏಜೆಂಟ್ ಕೇಳದೆಯೇ ಮಾಡಲಿ. ಸುಳ್ಳು ಎಚ್ಚರಿಕೆ ಬಂದರೂ ಸಿಬ್ಬಂದಿಯೊಬ್ಬರ ಎರಡು ನಿಮಿಷ ಹೋಗಬಹುದು, ಅಷ್ಟೇ. ದೂರು ವಿಂಗಡಿಸುವುದು, ಉತ್ತರದ ಕರಡು ಬರೆಯುವುದೂ ಸರಿ. ಸಾರ್ವಜನಿಕ ಪ್ರಕಟಣೆ, ಬಸ್ ಮಾರ್ಗ ಬದಲಾವಣೆ, ಬುಕಿಂಗ್ ರದ್ದತಿಗೆ ಅಧಿಕಾರಿಯ ಒಪ್ಪಿಗೆ ಬೇಕು. ಬ್ಯಾರಿಕೇಡ್ ತೆರೆಯುವ, ಮುಚ್ಚುವ ಕೀಲಿಯನ್ನು ಕೊಡಲೇಬಾರದು. ಸಾಫ್ಟ್‌ವೇರ್‌ನಲ್ಲಿ ಅನುಮಾನ ಬಂದರೆ ನಿಲ್ಲಿಸುವುದು ಸುರಕ್ಷಿತ. ಹಿಂದಿನಿಂದ ಜನ ತಳ್ಳುತ್ತಿರುವ ಬೀದಿಯಲ್ಲಿ ನಿಲ್ಲಿಸುವುದೇ ಅಪಾಯ.

ಪ್ರತಿಯೊಂದಕ್ಕೂ ಒಪ್ಪಿಗೆ ಕೇಳಿದರೆ ತಡವಾಗುವುದಿಲ್ಲವೇ ಎಂಬ ಆಕ್ಷೇಪದಲ್ಲಿ ಸತ್ಯವಿದೆ. ಇನ್ನೊಂದು ತೊಂದರೆಯೂ ಇದೆ. ಹೊಸ ಆ್ಯಪ್ ಹಾಕಿಕೊಂಡಾಗ ಓದದೆಯೇ 'ಅಲೋ' ಒತ್ತುತ್ತೇವಲ್ಲ, ದಿನಕ್ಕೆ ನೂರು ಸಲ ಒಪ್ಪಿಗೆ ಕೇಳಿದರೆ ಅಧಿಕಾರಿಗಳೂ ಹಾಗೆಯೇ ಒತ್ತುತ್ತಾರೆ. ಅದಕ್ಕೇ ಸಣ್ಣ ಕೆಲಸಗಳಿಗೆ ಮಿತಿಯೊಳಗೆ ಸ್ವಾತಂತ್ರ್ಯ ಕೊಟ್ಟು, ದೊಡ್ಡ ಕೆಲವೇ ಕೆಲಸಗಳಿಗೆ ಒಪ್ಪಿಗೆ ಕಡ್ಡಾಯ ಮಾಡಬೇಕು. ಒಪ್ಪಿಗೆ ಕೇಳುವಾಗ ಹೋಗಲಿರುವ ಸಂದೇಶ, ದಿನಾಂಕ, ಊರು, ಎಷ್ಟು ಜನರಿಗೆ ಎಂಬುದು ಪರದೆಯ ಮೇಲೆ ಸ್ಪಷ್ಟವಾಗಿ ಕಾಣಬೇಕು.

ಟೆಂಡರ್‌ನಲ್ಲೇ ಬರೆಯಲಿ

ಇವೆಲ್ಲವನ್ನೂ ಗುತ್ತಿಗೆದಾರರ ವಿವೇಚನೆಗೆ ಬಿಡುವಂತಿಲ್ಲ. ಏಜೆಂಟ್‌ಗೆ ಅದರದ್ದೇ ಪ್ರತ್ಯೇಕ ಖಾತೆ ಇರಬೇಕು, ಯಾವುದೋ ಅಧಿಕಾರಿಯ ಲಾಗಿನ್ ಎರವಲು ಕೊಡಬಾರದು. ಅದು ಮಾಡಿದ ಪ್ರತಿ ಕೆಲಸವೂ, ಒಪ್ಪಿಗೆ ಕೊಟ್ಟವರ ಹೆಸರಿನೊಂದಿಗೆ, ಅಳಿಸಲಾಗದಂತೆ ದಾಖಲಾಗಬೇಕು. ಒಂದೇ ಗುಂಡಿಯಲ್ಲಿ ಅದನ್ನು ನಿಲ್ಲಿಸುವ ವ್ಯವಸ್ಥೆ ಇರಬೇಕು, ಅದನ್ನು ಒತ್ತುವವರು ಯಾರೆಂದು ಮೊದಲೇ ಗೊತ್ತಿರಬೇಕು. 2028ರ ಜುಲೈ 24ರಂದು ಮೇಳ ಮುಗಿದ ಮೇಲೆ ಎಲ್ಲ ಕೀಲಿಗಳೂ ರದ್ದಾಗಬೇಕು.

ಮೈಸೂರು ದಸರಾ ಸೇರಿದಂತೆ ನಮ್ಮ ರಾಜ್ಯದ ದೊಡ್ಡ ಜಾತ್ರೆ, ಉತ್ಸವಗಳಿಗೂ ಇಂಥ ತಂತ್ರಾಂಶ ಬರುವ ದಿನ ದೂರವಿಲ್ಲ. ಆಗ ನಮ್ಮ ಅಧಿಕಾರಿಗಳಿಗೂ ಇದೇ ಪ್ರಶ್ನೆ ಕೇಳಬೇಕು. ದುರಂತವಾದ ಮೇಲೆ 'ಎಐ ತಪ್ಪು ಮಾಡಿತು' ಎಂಬ ಹೇಳಿಕೆ ಸುಲಭವಾಗಿ ಬರುತ್ತದೆ. ಅದಕ್ಕೆ ಆ ಕೀಲಿ ಕೊಟ್ಟವರು ಯಾರು ಎಂಬುದಕ್ಕೆ ಉತ್ತರ ಕಡತದಲ್ಲಿ ಈಗಲೇ ಇರಬೇಕು.