ನೌಕರಿ ಮುಗಿದ ಮೇಲೆ ಬಾಳಸಂಗಾತಿಯ ಆರೋಗ್ಯ ವಿಮೆ

ನೌಕರಿಯೊಡನೆ ಆರೋಗ್ಯ ವಿಮೆಯೂ ದೊರಕುವುದು ಇಂದು ಮಹಾನಗರಗಳಲ್ಲಿ ವಾಡಿಕೆಯ ಮಾತು. ನೌಕರರ ಹೆಸರಿನೊಂದಿಗೆ ಪತಿ ಅಥವಾ ಪತ್ನಿಯ ಹೆಸರೂ ಸೇರಿತೆಂದರೆ ಮನೆಮಂದಿಗೆ ನೆಮ್ಮದಿ. ಆದರೆ ಈ ರಕ್ಷಣೆ ಎಲ್ಲಿಯವರೆಗೆ ಎಂದು ವಿಚಾರಿಸುವವರು ವಿರಳ.

ಈ ವಿಷಯದಲ್ಲಿ ನಮ್ಮ ದೇಶದಲ್ಲಿ ಏಕರೂಪದ ನಿಯಮವಿಲ್ಲ. 1952ರಲ್ಲಿ ಕಾನ್ಪುರ ಮತ್ತು ದೆಹಲಿಗಳಲ್ಲಿ ಆರಂಭಗೊಂಡ ಕಾರ್ಮಿಕರ ರಾಜ್ಯ ವಿಮಾ ಯೋಜನೆಯಲ್ಲಿ, ಅಂದರೆ ಇಎಸ್‌ಐಯಲ್ಲಿ, ಕುಟುಂಬದ ಚಿಕಿತ್ಸೆ ಕಾನೂನುಬದ್ಧ ಹಕ್ಕು. ಐದು ವರ್ಷಗಳ ವಿಮಾಸೇವೆಯ ನಂತರ ನಿವೃತ್ತರಾದವರು ವರ್ಷಕ್ಕೆ ಕೇವಲ 120 ರೂಪಾಯಿ ತೆತ್ತು ತಮಗೂ ಬಾಳಸಂಗಾತಿಗೂ ಚಿಕಿತ್ಸೆ ಪಡೆಯುವ ಅವಕಾಶ ಇಲ್ಲಿದೆ. ಆದರೆ ಈ ಯೋಜನೆ ಅಲ್ಪವೇತನದವರಿಗೆ ಮಾತ್ರ. 2017ರ ಜನವರಿಯಲ್ಲಿ ಏರಿಸಿದಾಗಲೂ ಅದರ ವೇತನಮಿತಿ ಮಾಸಿಕ 21,000 ರೂಪಾಯಿಯಷ್ಟೇ ಆಗಿತ್ತು.

ಖಾಸಗಿ ಕಂಪನಿಗಳ ಸಾಮೂಹಿಕ ವಿಮೆಯ ಸ್ವರೂಪವೇ ಬೇರೆ. ಅದು ಮಾಲೀಕರು ಹಾಗೂ ವಿಮಾ ಕಂಪನಿಯ ನಡುವಿನ ಒಪ್ಪಂದ. ಪತ್ನಿಗೆ ಅದರಲ್ಲಿ ಸ್ವತಂತ್ರ ಸ್ಥಾನವಿಲ್ಲ. ಪತಿಯ ನೌಕರಿ ಹೋದರೆ ಆಕೆಯ ರಕ್ಷಣೆಯೂ ಹೋದಂತೆಯೇ. ಬ್ಯಾಂಕುಗಳಲ್ಲಿ 2015ರ ದ್ವಿಪಕ್ಷೀಯ ಒಪ್ಪಂದದಿಂದ ಸಾಮೂಹಿಕ ವಿಮೆ ಬಂದಾಗ, ಸೇವೆಯಲ್ಲಿರುವವರ ಪ್ರೀಮಿಯಂ ಅನ್ನು ಬ್ಯಾಂಕು ಭರಿಸುವುದೆಂದೂ ನಿವೃತ್ತರು ತಾವೇ ತೆರಬೇಕೆಂದೂ ಆಯಿತು. ಆದಾಯ ಕುಗ್ಗಿ ಕಾಯಿಲೆ ಹೆಚ್ಚುವ ವಯಸ್ಸಿನಲ್ಲಿಯೇ ಹೊರೆ ಕುಟುಂಬದ ಹೆಗಲೇರುತ್ತದೆ.

ಸರಕಾರದ ನೆರವೂ ಈ ಕಂದಕವನ್ನು ಪೂರ್ಣ ಮುಚ್ಚದು. 2024ರ ಅಕ್ಟೋಬರಿನಲ್ಲಿ ಆಯುಷ್ಮಾನ್ ಭಾರತ್ ಯೋಜನೆಯನ್ನು 70 ವರ್ಷ ಮೀರಿದ ಎಲ್ಲರಿಗೂ ವಾರ್ಷಿಕ ಐದು ಲಕ್ಷ ರೂಪಾಯಿಯವರೆಗೆ ವಿಸ್ತರಿಸಲಾಯಿತು. ಅರ್ಹತೆ ವಯಸ್ಸಿಗೆ ಸಂಬಂಧಿಸಿದ್ದು, ದಾಂಪತ್ಯಕ್ಕಲ್ಲ. ಪತಿಗೆ 72, ಪತ್ನಿಗೆ 66 ಆಗಿದ್ದರೆ ಮಧ್ಯಮವರ್ಗದ ಆ ಪತ್ನಿ ಇನ್ನೂ ನಾಲ್ಕು ವರ್ಷ ಕಾಯಬೇಕು.

ಹಾಗಾದರೆ ಮಾರ್ಗವೇನು? ನೌಕರಿ ಇರುವಾಗಲೇ, ಮಧುಮೇಹ ರಕ್ತದೊತ್ತಡಗಳು ಮನೆ ಸೇರುವ ಮೊದಲೇ, ದಂಪತಿಗಳಿಬ್ಬರ ಹೆಸರಿನಲ್ಲಿ ಸ್ವಂತ ಪಾಲಿಸಿ ಮಾಡಿಕೊಳ್ಳುವುದು ಜಾಣತನ. 2024ರ ನಿಯಮದಂತೆ, ಮೊದಲೇ ಇದ್ದ ಕಾಯಿಲೆಗಳಿಗೆ ಕಾಯಬೇಕಾದ ಅವಧಿ ಮೂರು ವರ್ಷಗಳನ್ನು ಮೀರುವಂತಿಲ್ಲ. ಆ ಅವಧಿ ಸಂಬಳ ಬರುತ್ತಿರುವಾಗಲೇ ಮುಗಿಯಲಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹಾಗೂ ಕುಟುಂಬ ಪಾಲಿಸಿಗಳ ಮೇಲಿನ ಜಿಎಸ್‌ಟಿಯೂ ರದ್ದಾಗಿದೆ. ಕೆಲಸ ಬಿಡುವವರು ಸಾಮೂಹಿಕ ವಿಮೆಯಿಂದ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗವಾಗುವ ಅವಕಾಶವನ್ನೂ ವಿಚಾರಿಸಬೇಕು. ಇದಕ್ಕೆ ವಿಮಾ ಕಂಪನಿಯ ಒಪ್ಪಿಗೆ ಬೇಕಾದುದರಿಂದ ಕೊನೆಯ ದಿನದವರೆಗೆ ಕಾಯುವುದು ಸಲ್ಲದು.

ಇದು ಕೇವಲ ಜಾಣತನದ ಪ್ರಶ್ನೆಯೂ ಅಲ್ಲ. ಮನೆಯನ್ನು ನಡೆಸಿ, ನೌಕರರನ್ನು ನಿಶ್ಚಿಂತೆಯಿಂದ ದುಡಿಯಲು ಕಳುಹಿಸುವ ಗೃಹಿಣಿಯ ಆರೋಗ್ಯ ಇನ್ನೊಬ್ಬರ ಹಾಜರಿ ಪುಸ್ತಕವನ್ನು ಅವಲಂಬಿಸಿರುವುದು ನ್ಯಾಯವಲ್ಲ. ಕಾರ್ಮಿಕರಿಗೆ 120 ರೂಪಾಯಿಗೆ ಸಾಧ್ಯವಾದ ಮುಂದುವರಿಕೆಯ ತತ್ತ್ವವನ್ನು, ತಕ್ಕ ಪ್ರೀಮಿಯಂ ಪಡೆದು ಉಳಿದವರಿಗೂ ಅನ್ವಯಿಸಲು ಸರಕಾರ ಮನಸ್ಸು ಮಾಡಬೇಕು. ಅಲ್ಲಿಯವರೆಗೆ ನಮ್ಮ ಎಚ್ಚರ ನಮ್ಮಲ್ಲಿರಲಿ.