ಟ್ರ್ಯಾಕ್ಟರ್ ಎಣ್ಣೆಗೆ ಗ್ರೇಡ್ ಕೇಳ್ತೀವಿ, ಒಲೆ ಮ್ಯಾಲಿನ ಎಣ್ಣೆಗೆ ಯಾಕ ಕೇಳಂಗಿಲ್ಲ?

ಕಳೆದ ವಾರ ಟ್ರ್ಯಾಕ್ಟರ್ ಸರ್ವಿಸ್‌ಗೆ ಅಂತ ಖಾನಾಪುರದಿಂದ ಬೆಳಗಾವಿಯ ಆಟೋ ನಗರಕ್ಕೆ ಹೋಗಿದ್ದೆ. ನನ್ನ ಮುಂದಿದ್ದ ಹುಡುಗ ಎಂಜಿನ್ ಆಯಿಲ್ ಡಬ್ಬದ ಮೇಲಿನ ಅಕ್ಷರ ಒಂದೂ ಬಿಡದೆ ಓದಿದ. 15ಡಬ್ಲ್ಯೂ-40 ಹೌದೋ ಅಲ್ಲೋ, ಸೀಲ್ ಸರಿ ಐತೋ ಇಲ್ಲೋ ಎಂದೆಲ್ಲ ಕೇಳಿದ. ಎಂಜಿನ್‌ಗೊಂದು, ಗೇರ್ ಬಾಕ್ಸ್‌ಗೊಂದು, ಬ್ರೇಕಿಗೊಂದು ಅಂತ ಬೇರೆ ಬೇರೆ ಎಣ್ಣೆ ಕೊಂಡ.

ವಾಪಸ್ ಬರುವಾಗ ನಾನು ಕಿರಾಣಿ ಅಂಗಡಿಯಲ್ಲಿ ಅಡುಗೆ ಎಣ್ಣೆ ತಗೊಂಡೆ. ಕೇಳಿದ್ದು ಒಂದೇ ಮಾತು: "ಸೋವಿದು ಯಾವುದೈತ್ರಿ?" ಮನೆಗೆ ಬಂದು ಪಾಕೀಟು ಓದಿದರೆ ಪಾಮೋಲಿನ್. ಶೇಂಗಾ ಬೆಳೆಯುವ ನಾನು ಕೊಂಡು ತಂದದ್ದು ತಾಳೆ ಎಣ್ಣೆ!

ನಮ್ಮ ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. 2022ರಲ್ಲಿ ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆ ತಡವಾಯಿತು, ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ಕೆಲವು ವಾರ ತಾಳೆ ಎಣ್ಣೆ ರಫ್ತು ನಿಲ್ಲಿಸಿತು. ಅದರ ಬಿಸಿ ನಮ್ಮ ಒಲೆಗೂ ತಟ್ಟಿತು. ಅದಕ್ಕೇ ನನ್ನ ಅಭಿಪ್ರಾಯ ಇಷ್ಟೇ: ಎಣ್ಣೆಕಾಳು ಬೆಳೆಯುವವರು ಮನೆಗೆ ಬೇಕಾದಷ್ಟು ಕಾಳು ಇಟ್ಟುಕೊಂಡೇ ಉಳಿದದ್ದನ್ನು ಮಾರಬೇಕು.

ಕೆಲಸಕ್ಕೆ ತಕ್ಕ ಎಣ್ಣೆ

"ಯಾವ ಎಣ್ಣೆ ಎಲ್ಲಕ್ಕಿಂತ ಛಲೋ?" ಅಂತ ಕೇಳೋದೇ ತಪ್ಪು. ಒಗ್ಗರಣೆ, ಪಲ್ಯಕ್ಕೆ ಗಾಣದ ಶೇಂಗಾ ಎಣ್ಣೆ ಸಾಕು. ಗಾಣದ ಕುಸುಬಿ ಎಣ್ಣೆ ಹೆಚ್ಚು ಕಾವು ತಡೆಯುವುದಿಲ್ಲ, ಅದನ್ನು ಹಸಿಯಾಗಿ ಚಟ್ನಿ ಪುಡಿಗೆ ಹಾಕಿ ರೊಟ್ಟಿ ಜೊತೆ ತಿನ್ನಿ. ಕರಿಯಲು ಗಾಣದ ಎಣ್ಣೆ ಬೇಡ, ಬೇಗ ಹೊಗೆ ಬರುತ್ತದೆ. ಅದಕ್ಕೆ ರಿಫೈನ್ಡ್ ಶೇಂಗಾ ಎಣ್ಣೆ ಸ್ವಲ್ಪ ಇಟ್ಟುಕೊಳ್ಳಿ. ರಿಫೈನ್ಡ್ ಅಂದ ತಕ್ಷಣ ವಿಷ ಅಂತ ವಾಟ್ಸಾಪ್‌ನಲ್ಲಿ ಬರೋದನ್ನು ನಂಬಬೇಡ್ರಿ.

ಬೈಲಹೊಂಗಲ ಕಡೆಯವರು ಕೇಳಬಹುದು, ನಮ್ಮ ಸೋಯಾ ಗಾಣಕ್ಕೆ ಹಾಕಬಹುದಾ ಅಂತ. ಸೋಯಾದಲ್ಲಿ ಎಣ್ಣೆ ಶೇ. 18ರಿಂದ 20 ಮಾತ್ರ, ಗಾಣದಲ್ಲಿ ಕೈಗೆ ಹತ್ತುವುದಿಲ್ಲ. ಅದನ್ನು ಮಾರುವುದೇ ಸರಿ.

ಲೆಕ್ಕ ಹಾಕಿ ನೋಡ್ರಿ

ಸಿಪ್ಪೆ ಸಹಿತ 10 ಕಿಲೋ ಶೇಂಗಾ ಸುಲಿದರೆ ಸುಮಾರು 7 ಕಿಲೋ ಕಾಳು, ಗಾಣದಲ್ಲಿ ಸುಮಾರು 3 ಕಿಲೋ ಎಣ್ಣೆ. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 7,263 ರೂಪಾಯಿ. ಅಂದರೆ ಕಿಲೋ ಎಣ್ಣೆಗೆ ಸುಮಾರು 240 ರೂಪಾಯಿಯ ಶೇಂಗಾನೇ ಹೋಯಿತು, ಗಾಣದ ಕೂಲಿ ಬೇರೆ. ಹಿಂಡಿ ಎಮ್ಮೆಗೆ ಉಳಿಯುತ್ತದೆ, ಅಷ್ಟು ಕಳೆಯಿರಿ. ಗಾಣದ ಎಣ್ಣೆ ಸೋವಿ ಅಂತ ನಾನು ಸುಳ್ಳು ಹೇಳುವುದಿಲ್ಲ. ಆದರೆ "ಶುದ್ಧ ಗಾಣದ ಶೇಂಗಾ ಎಣ್ಣೆ" ಅಂತ ಯಾರಾದರೂ ಕಿಲೋಗೆ 150ಕ್ಕೆ ಕೊಟ್ಟರೆ ಅದರಲ್ಲಿ ಬೇರೇನೋ ಐತಿ ಅಂತ ತಿಳೀರಿ.

ಅಂಗಡಿ ಪಾಕೀಟಿಗೂ ಇದೇ ಎಚ್ಚರ ಬೇಕು. ಮಿಶ್ರ ಎಣ್ಣೆಯಾದರೆ ಯಾವುದು ಎಷ್ಟು ಶೇಕಡಾ ಎಂದು ಬರೆದಿರಲೇಬೇಕು. ಅಕ್ಷರ ಸಣ್ಣದಿದ್ದರೆ ಫೋಟೋ ತೆಗೆದು ಹಿಗ್ಗಿಸಿ ಓದಿ. ಕೈಯಲ್ಲಿ ಮೊಬೈಲ್ ಇರೋದು ರೀಲ್ಸ್‌ಗಷ್ಟೇ ಅಲ್ಲ.

ಬೂಷ್ಟು ಕಾಳು ಗಾಣಕ್ಕೆ ಬೇಡ

ಇದನ್ನು ಮಾತ್ರ ಮರೆಯಬೇಡಿ. ನಮ್ಮಲ್ಲಿ ಒಳ್ಳೆ ಕಾಳು ಮಾರುಕಟ್ಟೆಗೆ, ಬೂಷ್ಟು ಹಿಡಿದದ್ದು "ಎಣ್ಣೆಗೆ ನಡೀತೈತಿ" ಅಂತ ಗಾಣಕ್ಕೆ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಯಕೃತ್ತಿಗೆ ಹಾನಿ ಮಾಡುತ್ತದೆ. ಗಾಣ ಅದನ್ನು ತೆಗೆಯುವುದಿಲ್ಲ. ಎಣ್ಣೆಯಲ್ಲಿ ಮನೆಯವರಿಗೆ ಹೋಗುತ್ತದೆ, ಹಿಂಡಿಯಲ್ಲಿ ಎಮ್ಮೆಗೆ ಹೋಗಿ ಹಾಲಿಗೂ ಬರುತ್ತದೆ. ಕಾಯಿ ಅಲುಗಾಡಿಸಿದರೆ ಗಲಗಲ ಅನ್ನುವವರೆಗೆ ಒಣಗಿಸಿ. ಕಪ್ಪಾದ, ಮುದುಡಿದ ಕಾಳು ಆರಿಸಿ ಬಿಸಾಕಿ.

ಕರಿದ ಎಣ್ಣೆಯದೂ ಅಷ್ಟೇ. ಹೋಟೆಲ್‌ಗಳಿಗೆ 2018ರಿಂದ ನಿಯಮ ಐತಿ: ಎಣ್ಣೆಯಲ್ಲಿ ಕೆಟ್ಟ ಅಂಶ ಶೇ. 25 ದಾಟಿದರೆ ಬಳಸುವಂತಿಲ್ಲ. ಮನೆಯಲ್ಲಿ ಅಳೆಯುವ ಯಂತ್ರ ಇಲ್ಲ, ಕಣ್ಣು ಮೂಗು ಅದಾವ. ಕಪ್ಪಾದರೆ, ನೊರೆ ಬಂದರೆ, ಅಂಟಾದರೆ ಬಿಟ್ಟುಬಿಡಿ. ಹಳೇ ಎಣ್ಣೆಗೆ ಹೊಸದು ಸುರಿಯಬೇಡಿ.

ಕೊನೆಗೆ ಅಳತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಸಲಹೆಯಲ್ಲಿ 2,000 ಕ್ಯಾಲೊರಿ ಊಟಕ್ಕೆ ದಿನಕ್ಕೆ 27 ಗ್ರಾಂ ಎಣ್ಣೆ-ಕೊಬ್ಬು. ಐದು ಮಂದಿ ಮನೆಗೆ ತಿಂಗಳಿಗೆ 5 ಲೀಟರ್ ಖರ್ಚಾದರೆ ಒಬ್ಬರಿಗೆ 30 ಗ್ರಾಂ ಆಗೇ ಹೋಯಿತು, ತುಪ್ಪ ಬಿಟ್ಟು. ಎಣ್ಣೆ ಎಷ್ಟೇ ಛಲೋ ಇರಲಿ, ಕೈ ಬಿಗಿ ಇರಲಿ.

ಈ ಸಲ ಶೇಂಗಾ ಒಕ್ಕಿದಾಗ ಎರಡು ಚೀಲ ಪಕ್ಕಕ್ಕೆ ಇಡೋಣ ಅಂತ ಮನೆಯಲ್ಲಿ ಮಾತಾಗಿದೆ. ನೀವು ಎಷ್ಟು ಇಡ್ತೀರಿ, ಮಾರಾಟಕ್ಕೆ ಹೊರಡೋ ಮೊದಲೇ ಲೆಕ್ಕ ಹಾಕ್ರಿ.